ನವಾಹೊ ಜನರ ಬೆಳ್ಳಿಗೆಲಸ

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಸೀಮೆಗಳ ಒಣನೆಲದಲ್ಲಿ ಬಾಳುವ ನವಾಹೊ ಎಂಬ ಮೂಲನಿವಾಸಿಗಳ ಬೆಳ್ಳಿಯೊಡವೆಗಳು ಲೋಕವಿಖ್ಯಾತವಾಗಿವೆ. ಈ ವಿದ್ಯೆಯನ್ನು ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕೊದ ಕುಶಲಿಗಳಿಂದ ಕಲಿತರು. 1864ರಲ್ಲಿ ಅಮೆರಿಕದ ಸೈನ್ಯವು ಅವರನ್ನು ಸುಮಾರು 300 ಮೈಲಿ ನಡೆಸಿ ಸೆರೆಯಲ್ಲಿರಿಸಿತು. 1868ರಲ್ಲಿ ತಾಯ್ನೆಲಕ್ಕೆ ಮರಳಿದ ತರುವಾಯ ಕಲೆಯು ಎಲ್ಲೆಡೆ ಹಬ್ಬಿತು.

ಬೆಳ್ಳಿ ದೊರೆತುದೆಲ್ಲಿಂದ? ನಾಣ್ಯಗಳನ್ನೇ ಕರಗಿಸುತ್ತಿದ್ದರು! ಮೆದುಗಲ್ಲಿನಲ್ಲಿ ಅಚ್ಚು ಕೊರೆದು, ಬೆಳ್ಳಿ ಹರಿಯಲು ಕಾಲುವೆಯನ್ನೂ ಗಾಳಿ ಹೊರಬೀಳಲು ಸಣ್ಣ ಗೀರುಗಳನ್ನೂ ಮಾಡಿ, ಅಂಟದಂತೆ ಒಳಮೈಗೆ ಮಸಿ ಹಿಡಿಸಿ ಎರಕ ಹೊಯ್ಯುವರು. ಗೀರುಗಳಿಲ್ಲದಿದ್ದರೆ ಗಾಳಿ ಸಿಕ್ಕಿ ಒಡವೆ ಕೆಡುವುದು. 1880ರ ಸುಮಾರಿಗೆ ನೀಲಿಯ ಫಿರೋಜಾ ಕಲ್ಲನ್ನು ಕೂರಿಸತೊಡಗಿದರು. ಬೆಂಕಿ ತಾಗಿದರೆ ಈ ಕಲ್ಲಿನ ಬಣ್ಣ ಕೆಡುವುದು. ಆದುದರಿಂದ ಮೊದಲು ಬೆಳ್ಳಿಯ ತೆಳುಪಟ್ಟಿಯಿಂದ ಗೂಡು ಬೆಸೆದು, ಆರಿದ ಮೇಲೆ ಕಲ್ಲನ್ನಿರಿಸಿ, ಅಂಚನ್ನು ಒತ್ತಿ ಮಡಿಸುವರು. ನಮಗೆ ಹೆಚ್ಚು ಮೆಚ್ಚುಗೆಯಾದುದು ಈ ತಾಳ್ಮೆಯೇ.

ಒಡವೆಯು ಅವರಿಗೆ ಬರಿಯ ಅಲಂಕಾರವಲ್ಲ, ಆಪದ್ಧನ. (ನಮ್ಮ ಮನೆಗಳಲ್ಲಿಯೂ ಅಷ್ಟೆ.) ಕೈಯಲ್ಲಿ ಹಣವಿಲ್ಲದಾಗ ವ್ಯಾಪಾರಿಯ ಬಳಿ ಗಿರವಿ ಇಟ್ಟು ಹಿಟ್ಟು, ಕಾಫಿ ಕೊಂಡು, ಕುರಿಯುಣ್ಣೆ ಮಾರಿದಾಗ ಬಿಡಿಸಿಕೊಳ್ಳುತ್ತಿದ್ದರು. ಬಿಡಿಸಲಾಗದೆ ಉಳಿದವು ಪರರ ಪಾಲಾದವು. ಅಂಥ ಹಳೆಯ ಒಡವೆಗಳಿಗೆ ಸಂಗ್ರಾಹಕರು ಇಂದು ಅಧಿಕ ಬೆಲೆ ಕೊಡುವರು. ಅವುಗಳಲ್ಲಿ ಬಹಳಷ್ಟರ ಮೇಲೆ ಮಾಡಿದವನ ಹೆಸರಿಲ್ಲ.