ಈ ತಂತಿ ಮನಸ್ಸನ್ನು ಓದುವುದಿಲ್ಲ

ಮಿದುಳಿಗೆ ಚಿಪ್ ಹಾಕಿದರೆ ತಮ್ಮ ಯೋಚನೆಯೆಲ್ಲ ಬೇರೆಯವರಿಗೆ ತಿಳಿದುಬಿಡುತ್ತದೆ ಎಂಬ ನಿಮ್ಮ ತಂದೆಯವರ ಭಯ ನನಗೆ ಅರ್ಥವಾಗುತ್ತದೆ. ಹಾಗೇನೂ ಆಗುವುದಿಲ್ಲ. ನೀವು ವಿಡಿಯೊದಲ್ಲಿ ನೋಡಿದ ನ್ಯೂರಾಲಿಂಕ್, ಕೈಕಾಲು ಸ್ವಾಧೀನ ತಪ್ಪಿದವರು ಕಂಪ್ಯೂಟರ್ ಬಳಸಲೆಂದು 2024ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾದ ಸಾಧನ. ತಂದೆಯವರ ಪಾರ್ಕಿನ್ಸನ್ ಕಾಯಿಲೆಗೆ ವೈದ್ಯರು ಸೂಚಿಸಿರುವುದು ಡೀಪ್ ಬ್ರೈನ್ ಸ್ಟಿಮ್ಯುಲೇಶನ್. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ವೈದ್ಯ ಬೆನಾಬಿದ್ ಅವರ ತಂಡ ದಾರಿ ತೋರಿದ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಮಾಡುವ ಚಿಕಿತ್ಸೆ ಅದು. ಮಿದುಳಿನ ಆಳಕ್ಕೆ ಕರೆಂಟ್ ಕೊಡುವ ತೆಳು ತಂತಿ, ಕೊರಳೆಲುಬಿನ ಕೆಳಗೆ ಬ್ಯಾಟರಿ.

ಹೊಸ ಸಾಧನಗಳಲ್ಲಿ ಈ ತಂತಿ ಕರೆಂಟ್ ಕೊಡುವುದರ ಜೊತೆಗೆ ಆಲಿಸುತ್ತದೆ ಕೂಡ. ಸೆಕೆಂಡಿಗೆ ಸುಮಾರು 13ರಿಂದ 30 ಸಲ ಏರಿಳಿಯುವ ಮಿದುಳಿನ ಬೀಟಾ ಅಲೆ, ಮೈ ಬಿಗಿತ ಹೆಚ್ಚಿದಾಗ ಸಾಮಾನ್ಯವಾಗಿ ಪ್ರಬಲವಾಗುತ್ತದೆ, ಪಾರ್ಕಿನ್ಸನ್ ಮಾತ್ರೆ ಕೆಲಸ ಮಾಡಿದಾಗ ತಗ್ಗುತ್ತದೆ. ಅದನ್ನು ಅಳೆದು ಕರೆಂಟನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿತು. ದಾಖಲಾಗುವುದು ಇಂಥ ಅಲೆಗಳು. ಯೋಚನೆಯಲ್ಲ, ನೆನಪೂ ಅಲ್ಲ.

ಯಂತ್ರ ಹೊಸದೋ ಹಳೆಯದೋ ಎಂಬುದಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಲೆವೊಡೋಪಾ ಮಾತ್ರೆ ತೆಗೆದುಕೊಂಡಾಗ ತಂದೆಯವರ ಬಿಗಿತ, ನಿಧಾನಗತಿ ಕಡಿಮೆಯಾಗುತ್ತದೆಯೇ? ಹೌದಾದರೆ ಈ ಚಿಕಿತ್ಸೆಯಿಂದ ಒಳ್ಳೆಯ ಫಲ ನಿರೀಕ್ಷಿಸಬಹುದು. ಮಾತ್ರೆಗೂ ಬಗ್ಗದ ನಡುಕ ಇದರಿಂದ ಕಡಿಮೆಯಾಗಬಹುದು. ಆದರೆ ಮಾತಿನ ತೊಂದರೆ, ಆಯತಪ್ಪಿ ಬೀಳುವುದು ಮಾತ್ರೆಗೆ ಬಗ್ಗದಿದ್ದರೆ ಸಾಮಾನ್ಯವಾಗಿ ಇದಕ್ಕೂ ಬಗ್ಗುವುದಿಲ್ಲ. ರೋಗವೂ ನಿಲ್ಲುವುದಿಲ್ಲ. ರಕ್ತಸ್ರಾವ, ಸೋಂಕಿನ ಅಪಾಯ ಸಣ್ಣದಾದರೂ ಇದ್ದೇ ಇದೆ.

ದಯವಿಟ್ಟು ಹಠ ಮಾಡಿ ಒಪ್ಪಿಸಬೇಡಿ. ಮುಂದಿನ ಭೇಟಿಯಲ್ಲಿ ಪ್ರಶ್ನೆಗಳನ್ನು ತಂದೆಯವರೇ ಕೇಳಲಿ.