ಟೈರಿಗೆ ಎಷ್ಟು ಗಾಳಿ ಹಾಕಬೇಕು?

ಎಂಟಿಬಿ, ಅಂದರೆ ಮೌಂಟನ್ ಬೈಕ್ ಇಟ್ಟುಕೊಂಡಿರುವ ಫ್ರೆಂಡ್ಸ್ ಜೊತೆ ಮಾತಾಡಿ ನೋಡಿ. ಗೇರ್ ಎಷ್ಟು, ಡಿಸ್ಕ್ ಬ್ರೇಕ್ ಯಾವುದು, ಫ್ರೇಮ್ ಸ್ಟೀಲಾ ಅಲ್ಯೂಮಿನಿಯಮ್ಮಾ ಅಂತ ಗಂಟೆಗಟ್ಟಲೆ ಹೇಳ್ತಾರೆ. "ಟೈರಲ್ಲಿ ಎಷ್ಟು ಪ್ರೆಶರ್ ಇದೆ?" ಅಂತ ಕೇಳಿ. "ಫುಲ್ ಇದೆ ಗುರು" ಅನ್ನೋದು ಉತ್ತರ. ಸೈಕಲ್ ಶಾಪಿನ ಅಣ್ಣ ಹೆಬ್ಬೆರಳಲ್ಲಿ ಒತ್ತಿ ನೋಡಿ, ಕಲ್ಲಿನ ಥರ ಗಟ್ಟಿ ಆದ ಮೇಲೆ ಪಂಪ್ ತೆಗೆದಿರ್ತಾರೆ. ಕಾಲೇಜಿಂದ ಬಸ್ ಸ್ಟಾಪಿನವರೆಗೆ ಹೋಗೋಕೆ ಅದು ನಡೆಯುತ್ತೆ. ಆದರೆ ಕಲ್ಲು, ಬೇರು, ಸಡಿಲ ಮಣ್ಣು ಇರುವ ಗುಡ್ಡದ ದಾರಿಯಲ್ಲಿ ಅದೇ ಗಟ್ಟಿ ಟೈರ್ ನಿಮ್ಮನ್ನ ಬೀಳಿಸಬಹುದು.

ಈ ಲೇಖನದಲ್ಲಿ ಹೇಳೋಕೆ ಹೊರಟಿರೋದು ಒಂದೇ ವಿಷಯ. ಗುಡ್ಡದ ದಾರಿಗೆ ಸರಿಯಾದ ಪ್ರೆಶರ್ ಅಂದರೆ, ರಿಮ್‌ಗೆ ಏಟು ಬೀಳದೆ, ತಿರುವಿನಲ್ಲಿ ಟೈರ್ ಮಡಚಿಕೊಳ್ಳದೆ, ಎಷ್ಟು ಕಮ್ಮಿ ಇಡಬಹುದೋ ಅಷ್ಟು. ಆ ನಂಬರ್ ಒಬ್ಬೊಬ್ಬರಿಗೆ ಒಂದೊಂದು. ನಿಮ್ಮದನ್ನ ನೀವೇ ಹುಡುಕಬೇಕು, ಅದಕ್ಕೆ ಒಂದು ಭಾನುವಾರ ಬೆಳಗ್ಗೆ ಸಾಕು.

ಟೈರ್ ಮೇಲೆ ಬರೆದಿರೋದು ಏನು?

ಟೈರಿನ ಪಕ್ಕದಲ್ಲಿ, ಸೈಡ್‌ವಾಲ್ ಮೇಲೆ, ಒಂದು ಪ್ರೆಶರ್ ಅಚ್ಚಾಗಿರುತ್ತೆ. "ಮ್ಯಾಕ್ಸ್ 65 ಪಿಎಸ್‌ಐ" ಅಂತ ಇದ್ದರೆ ತುಂಬಾ ಜನ 65 ಹಾಕಬೇಕು ಅಂತ ತಿಳ್ಕೋತಾರೆ. ಅದು ಸಲಹೆ ಅಲ್ಲ, ಮಿತಿ. ಲಿಫ್ಟ್ ಒಳಗೆ "8 ಜನ" ಅಂತ ಬೋರ್ಡ್ ಇದ್ದರೆ 8 ಜನ ಸೇರೋವರೆಗೂ ನಾವು ಕಾಯ್ತೀವಾ? ಕೆಲವು ಟೈರ್‌ಗಳಲ್ಲಿ ಕನಿಷ್ಠ ಪ್ರೆಶರ್ ಕೂಡ ಬರೆದಿರುತ್ತೆ, ಅದಕ್ಕಿಂತ ಕೆಳಗೆ ಹೋಗಬಾರದು. ರಿಮ್‌ಗೂ ತನ್ನದೇ ಗರಿಷ್ಠ ಮಿತಿ ಇರಬಹುದು. ಟೈರ್ ಮತ್ತು ರಿಮ್ ಎರಡರಲ್ಲಿ ಯಾವುದು ಚಿಕ್ಕದೋ ಅದು ನಿಮ್ಮ ಮಿತಿ. ನಮಗೆ ಬೇಕಾದ ನಂಬರ್ ಈ ಕನಿಷ್ಠ, ಗರಿಷ್ಠಗಳ ನಡುವೆ ಎಲ್ಲೋ ಇದೆ.

ನೆಲ ಮುಟ್ಟುವ ಜಾಗ

ಫಸ್ಟ್ ಇಯರ್‌ನಲ್ಲಿ ಓದಿದ ಸೂತ್ರ: ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ. ಸವಾರ 65 ಕೆಜಿ, ಸೈಕಲ್ 14 ಕೆಜಿ, ನೀರಿನ ಬಾಟಲ್ 1 ಕೆಜಿ, ಒಟ್ಟು 80 ಕೆಜಿ ಅಂತ ಇಟ್ಟುಕೊಳ್ಳಿ. ಸೀಟ್ ಮೇಲೆ ಕೂತಾಗ ಸುಮಾರು 60% ತೂಕ ಹಿಂದಿನ ಚಕ್ರಕ್ಕೆ ಹೋಗುತ್ತೆ, ಅಂದರೆ 48 ಕೆಜಿ, ಸುಮಾರು 471 ನ್ಯೂಟನ್. ಟೈರ್ ಒಳಗೆ 45 ಪಿಎಸ್‌ಐ ಇದ್ದರೆ ಅದು 310 ಕಿಲೋಪಾಸ್ಕಲ್. ಭಾಗಿಸಿದರೆ ನೆಲ ಮುಟ್ಟುವ ಜಾಗ ಸುಮಾರು 15 ಚದರ ಸೆಂಟಿಮೀಟರ್. ಅದೇ 25 ಪಿಎಸ್‌ಐಗೆ ಇಳಿಸಿದರೆ ಸುಮಾರು 27 ಚದರ ಸೆಂಟಿಮೀಟರ್. ಟೈರಿನ ಬಟ್ಟೆ ಪದರವೂ ಸ್ವಲ್ಪ ತೂಕ ಹೊರುತ್ತೆ, ಹಾಗಾಗಿ ಇದು ಅಂದಾಜು ಲೆಕ್ಕ. ಆದರೂ ವಿಷಯ ಅರ್ಥ ಆಗುತ್ತೆ: ಖರ್ಚಿಲ್ಲದೆ, ಬರೀ ಗಾಳಿ ಬಿಟ್ಟು, ನೆಲ ಹಿಡಿಯುವ ಜಾಗವನ್ನ ಮುಕ್ಕಾಲು ಪಾಲು ಜಾಸ್ತಿ ಮಾಡಬಹುದು.

ಇಲ್ಲಿ ಯಾರಾದರೂ ಕೈ ಎತ್ತಿ ಕೇಳಬಹುದು: "ಘರ್ಷಣೆ ವಿಸ್ತೀರ್ಣದ ಮೇಲೆ ಅವಲಂಬಿಸಲ್ಲ ಅಂತ ಪಿಯುಸಿಯಲ್ಲೇ ಓದಿದ್ದೀವಲ್ಲ?" ಒಳ್ಳೆ ಪ್ರಶ್ನೆ. ಆ ನಿಯಮ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತೆ. ರಬ್ಬರ್ ಮೆತ್ತಗೆ, ಅದು ಕಲ್ಲಿನ ಸಣ್ಣ ಸಣ್ಣ ಏರುತಗ್ಗುಗಳ ಒಳಗೆ ಇಳಿದು ಹಿಡಿಯುತ್ತೆ. ಅದೂ ಅಲ್ಲದೆ ಸಡಿಲ ಮಣ್ಣಿನಲ್ಲಿ ಟೈರಿನ ಬಟನ್‌ಗಳು ಮಣ್ಣನ್ನ ಕಚ್ಚಿ ಹಿಡಿಯುತ್ತವೆ. ಹೆಚ್ಚು ಬಟನ್ ನೆಲಕ್ಕೆ ತಾಗಿದರೆ ಹೆಚ್ಚು ಹಿಡಿತ. ಗಟ್ಟಿ ಟೈರ್ ಕಲ್ಲಿನ ಮೇಲೆ ಕೂರಲ್ಲ, ಪುಟಿಯುತ್ತೆ. ಗಾಳಿಯಲ್ಲಿ ಇರುವಷ್ಟು ಹೊತ್ತು ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಹಿಂದಿನ ಚಕ್ರ ಜಾರಿದರೆ ಸೈಕಲ್ ಬಾಲ ಆಡಿಸುತ್ತೆ, ಹೆಚ್ಚಾಗಿ ಸಾವರಿಸಿಕೊಳ್ಳಬಹುದು. ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಯೋಚನೆ ಮಾಡೋಕೂ ಟೈಮ್ ಇರಲ್ಲ, ಭುಜ ನೆಲಕ್ಕೆ. ಅದಕ್ಕೇ ಮುಂದಿನ ಟೈರಿಗೆ ಯಾವಾಗಲೂ ಹಿಂದಿನದಕ್ಕಿಂತ 2-3 ಪಿಎಸ್‌ಐ ಕಮ್ಮಿ ಇಡೋದು. ಮುಂದೆ ತೂಕ ಕಮ್ಮಿ, ಹಿಡಿತ ಮಾತ್ರ ಜಾಸ್ತಿ ಬೇಕು.

ಗಟ್ಟಿ ಟೈರ್ ಫಾಸ್ಟ್ ಅಲ್ವಾ?

ನುಣುಪಾದ ರೋಡಲ್ಲಿ ಹೌದು. ಟೈರ್ ಉರುಳುವಾಗ ರಬ್ಬರ್ ಬಾಗುತ್ತೆ, ಮತ್ತೆ ನೇರ ಆಗುತ್ತೆ. ಪ್ರತಿ ಸಲ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತೆ. ಪ್ರೆಶರ್ ಜಾಸ್ತಿ ಮಾಡಿದರೆ ಬಾಗೋದು ಕಮ್ಮಿ, ನಷ್ಟವೂ ಕಮ್ಮಿ.

ಆದರೆ ಕಲ್ಲಿನ ದಾರಿಯಲ್ಲಿ ಇನ್ನೊಂದು ನಷ್ಟ ಸೇರಿಕೊಳ್ಳುತ್ತೆ. ಎದುರಿಗೆ 2 ಸೆಂಟಿಮೀಟರ್ ಎತ್ತರದ ಕಲ್ಲು ಬಂತು ಅನ್ನಿ. ಮೆತ್ತಗಿನ ಟೈರ್ ಆ ಕಲ್ಲನ್ನ ತನ್ನೊಳಗೆ ನುಂಗಿ ಮುಂದೆ ಹೋಗುತ್ತೆ. ಗಟ್ಟಿ ಟೈರ್ ಆದರೆ ಚಕ್ರ, ಸೈಕಲ್, ಮೇಲೆ ಕೂತ ನೀವು, ಎಲ್ಲರೂ ಮೇಲೆ ಏಳಬೇಕು. ಏಳೋಕೆ ಬೇಕಾದ ಶಕ್ತಿ ನಿಮ್ಮ ವೇಗದಿಂದಲೇ ಕಡಿತ ಆಗುತ್ತೆ. ಉಳಿದದ್ದು ಕೈ, ಬೆನ್ನು, ಹೊಟ್ಟೆ ಅದುರುವುದರಲ್ಲಿ ಹೋಗುತ್ತೆ. ಅಂದರೆ ಪ್ರೆಶರ್ ಇಳಿಸಿದಂತೆ ಒಂದು ನಷ್ಟ ಏರುತ್ತೆ, ಇನ್ನೊಂದು ಇಳಿಯುತ್ತೆ. ಎರಡನ್ನೂ ಕೂಡಿಸಿ ಗ್ರಾಫ್ ಹಾಕಿದರೆ ಬಟ್ಟಲಿನ ಆಕಾರ ಬರುತ್ತೆ. ಬಟ್ಟಲಿನ ತಳ ನಮಗೆ ಬೇಕಾದ ಜಾಗ. ದಾರಿ ಒರಟಾದಷ್ಟೂ ಆ ತಳ ಕಮ್ಮಿ ಪ್ರೆಶರ್ ಕಡೆಗೆ ಸರಿಯುತ್ತೆ.

ದಪ್ಪ ಟೈರ್, ಕಮ್ಮಿ ಪ್ರೆಶರ್

ಕನ್ನಡದಲ್ಲಿ ನಾವು "ಗಾಳಿ ಎಷ್ಟಿದೆ" ಅಂತ ಕೇಳ್ತೀವಿ, "ಒತ್ತಡ ಎಷ್ಟಿದೆ" ಅಂತ ಯಾರೂ ಕೇಳಲ್ಲ. ಗೊಂದಲ ಶುರು ಆಗೋದು ಅಲ್ಲೇ. 25 ಮಿಲಿಮೀಟರ್ ಅಗಲದ ರೋಡ್ ಬೈಕ್ ಟೈರಲ್ಲಿ 100 ಪಿಎಸ್‌ಐ, 2.2 ಇಂಚು ಅಂದರೆ ಸುಮಾರು 56 ಮಿಲಿಮೀಟರ್ ಅಗಲದ ಎಂಟಿಬಿ ಟೈರಲ್ಲಿ 25 ಪಿಎಸ್‌ಐ ಇದೆ ಅಂತ ಇಟ್ಟುಕೊಳ್ಳಿ. ಒತ್ತಡ ನಾಲ್ಕನೇ ಒಂದು ಭಾಗ. ಆದರೆ ದಪ್ಪ ಟೈರಿನ ಒಳಗಿನ ಜಾಗ ಸುಮಾರು 5 ಪಟ್ಟು. ಹೊರಗಿನ ವಾತಾವರಣದ ಒತ್ತಡ ಸೇರಿಸಿ ಲೆಕ್ಕ ಹಾಕಿದರೆ, ಎಂಟಿಬಿ ಟೈರಿನಲ್ಲೇ ಗಾಳಿ ಜಾಸ್ತಿ ಇದೆ! ಗಾಳಿ ಜಾಸ್ತಿ, ಒತ್ತಡ ಕಮ್ಮಿ.

ಇನ್ನೊಂದು ಕಾರಣ ಮೆಕ್ಯಾನಿಕಲ್‌ನವರಿಗೆ ಗೊತ್ತಿರುತ್ತೆ. ತೆಳು ಗೋಡೆಯ ಸಿಲಿಂಡರಿನಲ್ಲಿ ಗೋಡೆ ಮೇಲಿನ ಎಳೆತ ಅಂದರೆ ಒತ್ತಡ ಗುಣಿಸು ತ್ರಿಜ್ಯ. ತ್ರಿಜ್ಯ ದೊಡ್ಡದಾದರೆ ಅದೇ ಒತ್ತಡಕ್ಕೆ ಗೋಡೆ ಹೆಚ್ಚು ಬಿಗಿ. ಹಾಗಾಗಿ ರೋಡ್ ಬೈಕಿನ ನಂಬರ್ ನೋಡಿ ಎಂಟಿಬಿಗೆ ಹಾಕೋದು ತಪ್ಪು.

ಮೌಂಟನ್ ಬೈಕಿಂಗ್ ಹುಟ್ಟಿದ್ದೇ ದಪ್ಪ ಟೈರಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಬೆಟ್ಟ ಇಳಿಯೋಕೆ ಆರಿಸಿಕೊಂಡದ್ದು ಆ ಕಾಲದ ತೆಳು ಟೈರಿನ ಹಗುರ ಸೈಕಲ್ ಅಲ್ಲ. 1930-40ರ ದಶಕದ, ಬಲೂನ್ ಟೈರಿನ ಭಾರದ ಹಳೆ ಶ್ವಿನ್ ಸೈಕಲ್‌ಗಳನ್ನ ಗುಜರಿಯಿಂದ ತಂದು ರಿಪೇರಿ ಮಾಡಿಕೊಂಡರು. 1976ರಲ್ಲಿ ಅಲ್ಲಿ ಶುರುವಾದ "ರೀಪ್ಯಾಕ್" ರೇಸ್ ಪ್ರಸಿದ್ಧ. ಇಳಿಯೋದರಲ್ಲಿ ಹಿಂದಿನ ಬ್ರೇಕಿನ ಗ್ರೀಸ್ ಸುಟ್ಟು ಹೋಗಿ ಪ್ರತಿ ಸಲ ಹೊಸದಾಗಿ ತುಂಬಬೇಕಿತ್ತು, ಅದಕ್ಕೇ ಆ ಹೆಸರು. ಬ್ರೇಕ್ ಸುಟ್ಟರೂ ಅವರು ಬಿಡದೆ ಹಿಡಿದುಕೊಂಡಿದ್ದು ಆ ದಪ್ಪ, ಮೆತ್ತನೆ ಟೈರನ್ನ.

ಹಾಗಾದರೆ ಎಷ್ಟು ಕಮ್ಮಿ?

ಕಮ್ಮಿಗೂ ಒಂದು ತಳ ಇದೆ. ಪ್ರೆಶರ್ ತುಂಬಾ ಇಳಿದರೆ ಚೂಪು ಕಲ್ಲು ಟೈರನ್ನ ಪೂರ್ತಿ ಅಮುಕಿ ರಿಮ್‌ಗೆ ಬಡಿಯುತ್ತೆ. ಮಧ್ಯೆ ಸಿಕ್ಕಿಕೊಂಡ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತೆ, ಹಾವು ಕಚ್ಚಿದ ಗುರುತಿನ ಹಾಗೆ. ಇಂಗ್ಲಿಷಿನಲ್ಲೂ ಅದಕ್ಕೆ "ಸ್ನೇಕ್ ಬೈಟ್" ಅಂತಲೇ ಹೆಸರು. ಪಂಕ್ಚರ್ ಅಂಗಡಿ ಇಲ್ಲದ ಕಡೆ ಇದಾದರೆ ಸೈಕಲ್ ತಳ್ಳಿಕೊಂಡು ಬರಬೇಕು. ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟು, ಹಾಗಾಗಿ ಜೋರಾಗಿ ಇಳಿಯುವವರು ಹಿಂದಿನ ಟೈರಲ್ಲಿ ಸ್ವಲ್ಪ ಜಾಸ್ತಿ ಇಡಬೇಕು.

ಟ್ಯೂಬ್‌ಲೆಸ್ ಟೈರಲ್ಲಿ ಕಚ್ಚಿಸಿಕೊಳ್ಳೋಕೆ ಟ್ಯೂಬೇ ಇಲ್ಲ. ಒಳಗೆ ಹಾಕಿರುವ ಸೀಲಂಟ್ ದ್ರವ ಸಣ್ಣ ಮುಳ್ಳಿನ ತೂತನ್ನ ತಾನೇ ಮುಚ್ಚುತ್ತೆ. ಅದಕ್ಕೇ ಅದರಲ್ಲಿ ಇನ್ನೂ 4-5 ಪಿಎಸ್‌ಐ ಕಮ್ಮಿ ಇಡಬಹುದು. ರಿಮ್‌ಗೆ ಏಟು ಬೀಳುವ ಅಪಾಯ ಮಾತ್ರ ಅದರಲ್ಲೂ ಇದೆ.

65 ಕೆಜಿ ಸವಾರ, 2.2 ಇಂಚಿನ ಟೈರ್ ಇದ್ದರೆ ಶುರು ಮಾಡೋಕೆ ಈ ನಂಬರ್ ಇಟ್ಟುಕೊಳ್ಳಿ:

- ಟ್ಯೂಬ್ ಇದ್ದರೆ: ಮುಂದೆ 27, ಹಿಂದೆ 30 ಪಿಎಸ್‌ಐ
- ಟ್ಯೂಬ್‌ಲೆಸ್ ಆದರೆ: ಮುಂದೆ 22, ಹಿಂದೆ 25 ಪಿಎಸ್‌ಐ
- ನಿಮ್ಮ ತೂಕ 5 ಕೆಜಿ ಹೆಚ್ಚಿದ್ದರೆ ಸುಮಾರು 1 ಪಿಎಸ್‌ಐ ಕೂಡಿಸಿ, ಕಮ್ಮಿ ಇದ್ದರೆ ಕಳೆಯಿರಿ
- ಟೈರ್ ಇನ್ನೂ ದಪ್ಪ ಇದ್ದರೆ ಇಳಿಸಿ, ತೆಳು ಇದ್ದರೆ ಏರಿಸಿ

ಇದು ಉತ್ತರ ಅಲ್ಲ, ಮೊದಲ ಅಂದಾಜು. ಇಲ್ಲಿಂದ ಮುಂದೆ ಪ್ರಯೋಗ. ಕಲ್ಲು, ಒಂದು ತಿರುವು, ಸ್ವಲ್ಪ ಏರು ಇರುವ 300 ಮೀಟರ್ ದಾರಿ ಹುಡುಕಿ. ಶುರುವಿನ ನಂಬರಿಗಿಂತ 4 ಜಾಸ್ತಿ ಹಾಕಿ ಒಂದು ಸುತ್ತು ಹೊಡೀರಿ. ಆಮೇಲೆ ಎರಡೂ ಟೈರಲ್ಲಿ 2-2 ಇಳಿಸಿ ಅದೇ ದಾರಿ, ಅದೇ ವೇಗ. ಹೀಗೇ ಇಳಿಸುತ್ತಾ ಹೋಗಿ. ಪ್ರತಿ ಸುತ್ತಿಗೂ ಈ ಲಕ್ಷಣ ಗಮನಿಸಿ:

ಜಾಸ್ತಿ ಇದ್ದರೆ: ಕೈ ಜೋಮು ಹಿಡಿಯುತ್ತೆ, ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತೆ, ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತೆ.

ಕಮ್ಮಿ ಇದ್ದರೆ: ಕಲ್ಲಿಗೆ ರಿಮ್ "ಠಣ್" ಅನ್ನುತ್ತೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿಕೊಂಡ ಹಾಗೆ ಅನ್ನಿಸುತ್ತೆ, ಹ್ಯಾಂಡಲ್ ತಿರುಗಿಸಿದ ಮೇಲೆ ಸೈಕಲ್ ತಡವಾಗಿ ತಿರುಗುತ್ತೆ. ಟ್ಯೂಬ್ ಟೈರ್ ಆದರೆ ವಾಲ್ವ್ ಓರೆ ಆಗಿರುತ್ತೆ, ಅಂದರೆ ರಿಮ್ ಮೇಲೆ ಟೈರ್ ಸರಿದಿದೆ ಅಂತ.

ಕಮ್ಮಿಯ ಲಕ್ಷಣ ಮೊದಲ ಸಲ ಕಂಡ ಕೂಡಲೇ ನಿಲ್ಲಿಸಿ, 2 ಪಿಎಸ್‌ಐ ವಾಪಸ್ ಹಾಕಿ. ಅದು ನಿಮ್ಮ ನಂಬರ್. ಹೆಲ್ಮೆಟ್ ಹಾಕಿಕೊಂಡೇ ಪ್ರಯೋಗ ಮಾಡಿ, ಒಬ್ಬರೇ ಹೋಗಬೇಡಿ.

ಗೇಜ್ ನಂಬಬಹುದಾ?

ಮೆಷರ್‌ಮೆಂಟ್ಸ್ ಲ್ಯಾಬ್ ನೆನಪಿಸಿಕೊಳ್ಳಿ. 0 ರಿಂದ 160 ಪಿಎಸ್‌ಐ ತೋರಿಸುವ ಗೇಜಿನ ದೋಷ ಪೂರ್ಣ ಅಳತೆಯ 3% ಅಂದರೆ, ಅದು 4.8 ಪಿಎಸ್‌ಐ. 100ರಲ್ಲಿ ಅದು ದೊಡ್ಡದಲ್ಲ, 25ರಲ್ಲಿ ಅದು ಎಲ್ಲವನ್ನೂ ತಲೆಕೆಳಗು ಮಾಡುತ್ತೆ. ನಾವು ಹುಡುಕುತ್ತಿರೋದೇ 2 ಪಿಎಸ್‌ಐ ವ್ಯತ್ಯಾಸ. ಆದ್ದರಿಂದ ಕಮ್ಮಿ ರೇಂಜಿನ ಗೇಜ್ ಸಿಕ್ಕರೆ ಒಳ್ಳೇದು, ಇಲ್ಲಾಂದ್ರೆ ಯಾವಾಗಲೂ ಒಂದೇ ಪಂಪ್ ಬಳಸಿ. ನಿಮ್ಮ ಪಂಪ್ 28 ಅಂದಾಗ ನಿಜಕ್ಕೂ 25 ಇದ್ದರೂ ಪರವಾಗಿಲ್ಲ, ಪ್ರತಿ ಸಲ ಅಷ್ಟೇ ತಪ್ಪು ತೋರಿಸಿದರೆ ಸಾಕು. ಫ್ರೆಂಡಿನ ಪಂಪಿನಲ್ಲಿ ಕಂಡ ನಂಬರನ್ನ ನಿಮ್ಮ ಪಂಪಿನಲ್ಲಿ ಹಾಕಬೇಡಿ. ಹೆಬ್ಬೆರಳಿಗಂತೂ 25 ಮತ್ತು 30ರ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ.

ಬಿಸಿಲು, ಬೆಟ್ಟ, ಮಣ್ಣು

ಬೆಳಗ್ಗೆ 20 ಡಿಗ್ರಿಯಲ್ಲಿ 30 ಪಿಎಸ್‌ಐ ಹಾಕಿದ ಟೈರಿನ ಗಾಳಿ ಮಧ್ಯಾಹ್ನ 40 ಡಿಗ್ರಿಗೆ ಬಿಸಿಯಾದರೆ ಒಳಗೆ ಸುಮಾರು 33 ಆಗಿರುತ್ತೆ. ಲೆಕ್ಕ ಹಾಕುವಾಗ ವಾತಾವರಣದ 14.7 ಕೂಡಿಸಿ, ಕೆಲ್ವಿನ್‌ನಲ್ಲಿ ಮಾಡಿ. ಎತ್ತರವೂ ಸ್ವಲ್ಪ ಆಟ ಆಡುತ್ತೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಹಾಕಿ 1,930 ಮೀಟರಿನ ಮುಳ್ಳಯ್ಯನಗಿರಿಗೆ ಹೋದರೆ, ಹೊರಗಿನ ಒತ್ತಡ ಇಳಿದ ಕಾರಣ ಗೇಜ್ ಸುಮಾರು 1.5 ಜಾಸ್ತಿ ತೋರಿಸಬೇಕು. ಆದರೆ ಮೇಲೆ ತಂಪು ಇರೋದರಿಂದ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಹೋಗುತ್ತೆ. ಸುಲಭ ದಾರಿ ಏನಂದ್ರೆ, ಸವಾರಿ ಶುರು ಮಾಡುವ ಜಾಗದಲ್ಲೇ ಚೆಕ್ ಮಾಡೋದು.

ನೆಲದ ಲೆಕ್ಕ ಹೀಗೆ. ರಾಮನಗರ, ತುಮಕೂರು ಕಡೆಯ ಒಣ ಬಂಡೆಯಲ್ಲಿ ಹಿಡಿತ ತಾನಾಗೇ ಚೆನ್ನಾಗಿರುತ್ತೆ, ಆದರೆ ಚೂಪು ಅಂಚು ಜಾಸ್ತಿ, ಹಾಗಾಗಿ ನಿಮ್ಮ ನಂಬರನ್ನೇ ಇಡಿ ಅಥವಾ ಹಿಂದೆ 1-2 ಏರಿಸಿ. ಕರಾವಳಿಯ ಜಂಬಿಟ್ಟಿಗೆ ನೆಲದ ಮೇಲಿನ ಸಣ್ಣ ಜಲ್ಲಿಯಲ್ಲಿ, ಮಲೆನಾಡಿನ ಒದ್ದೆ ಬೇರುಗಳ ಮೇಲೆ, 1-2 ಇಳಿಸಿ. ಮಳೆ ಬಿದ್ದ ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಯಾವ ಪ್ರೆಶರೂ ಕೆಲಸ ಮಾಡಲ್ಲ. ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗಲ್ಲ, ಇಳಿದು ಹೊತ್ತುಕೊಂಡು ನಡೀರಿ.

ಕೊನೆಗೆ ಒಂದು ಕೆಲಸ. ನಿಮ್ಮ ನಂಬರ್ ಸಿಕ್ಕ ಮೇಲೆ ಒಂದು ಸ್ಟಿಕರ್ ಮೇಲೆ "ಮುಂದೆ ಇಷ್ಟು, ಹಿಂದೆ ಇಷ್ಟು" ಅಂತ ಬರೆದು ಪಂಪಿಗೇ ಅಂಟಿಸಿ. ಸೈಕಲ್ ಟೈರಿನ ಗಾಳಿ ಸುಮ್ಮನೆ ನಿಂತಿದ್ದರೂ ನಿಧಾನಕ್ಕೆ ಸೋರುತ್ತೆ, ಹಾಗಾಗಿ ಪ್ರತಿ ಸವಾರಿಗೂ ಮೊದಲು ಚೆಕ್ ಮಾಡಿ. ಮುಂದಿನ ಸಲ ಶಾಪಿನಲ್ಲಿ ಗಾಳಿ ಹಾಕಿಸುವಾಗ "ಫುಲ್ ಬೇಡ ಅಣ್ಣ, 28 ಸಾಕು" ಅನ್ನಿ. ಅವರು ಒಂದು ಕ್ಷಣ ನಿಮ್ಮ ಮುಖ ನೋಡ್ತಾರೆ, ನೋಡಲಿ ಬಿಡಿ.