ಗುಪ್ತಪದಗಳ ಪೆಟ್ಟಿಗೆ ಎಲ್ಲಿದೆ?

ಹತ್ತಾರು ಪಾಸ್‌ವರ್ಡುಗಳನ್ನು, ಅಂದರೆ ಗುಪ್ತಪದಗಳನ್ನು, ನಮಗಾಗಿ ನೆನಪಿಡುವ ತಂತ್ರಾಂಶವು ಅವುಗಳನ್ನು ಗಣಕಯಂತ್ರದಲ್ಲಿ ಎಲ್ಲಿ ಬಚ್ಚಿಡುತ್ತದೆ? ಬಚ್ಚಿಡುವುದೇ ಇಲ್ಲವೆಂದರೆ ವಾಚಕರಿಗೆ ಸೋಜಿಗವಾದೀತು.

೨೦೦೩ರಲ್ಲಿ ಹೊರಬಂದ ಕೀಪಾಸ್ ತಂತ್ರಾಂಶವನ್ನು ನೋಡೋಣ. ಅದರ ಸರ್ವಸ್ವವೂ ಒಂದೇ ಕಡತದಲ್ಲಿ ಅಡಗಿದೆ; ಹೆಸರಿನ ಕೊನೆಯಲ್ಲಿ 'ಕೆಡಿಬಿಎಕ್ಸ್' ಎಂದಿರುತ್ತದೆ. ಅದನ್ನು ಎಲ್ಲಿಡಬೇಕೆಂಬುದು ಒಡೆಯನ ಇಚ್ಛೆ. ಕಳ್ಳನು ಹೊತ್ತೊಯ್ದರೂ ಅವನಿಗೆ ದೊರೆಯುವುದು ಗೂಢಲಿಪಿಯ ರಾಶಿ ಮಾತ್ರ. ಬೀಗದ ಕೈ ಆ ಕಡತದೊಳಗಿಲ್ಲ. ನಾವು ಮುಖ್ಯ ಗುಪ್ತಪದವನ್ನು ಒತ್ತಿದಾಗಲೆಲ್ಲ ಅದು ಗಣಿತದ ಮೂಲಕ ಹೊಸದಾಗಿ ಹುಟ್ಟುತ್ತದೆ. ಈ ಗಣಿತವನ್ನು ಬೇಕೆಂದೇ ನಿಧಾನಗೊಳಿಸಿರುತ್ತಾರೆ. ಒಮ್ಮೆಗೆ ಒಂದು ಸೆಕೆಂಡು ತಗಲುವುದೆಂದು ಭಾವಿಸೋಣ. ನಮಗದು ಲೆಕ್ಕಕ್ಕಿಲ್ಲ, ಅಂಥದೇ ಯಂತ್ರದಲ್ಲಿ ಹತ್ತು ಕೋಟಿ ಊಹೆಗಳನ್ನು ಪರೀಕ್ಷಿಸುವ ಕಳ್ಳನಿಗೆ ಮೂರು ವರ್ಷಕ್ಕೂ ಮಿಕ್ಕಿದ ಕಾಲ ಬೇಕು. ಗುಪ್ತಪದವು ನಮ್ಮ ಊರಿನ ಹೆಸರೇ ಆಗಿದ್ದರೆ, ಪಾಪ, ಅವನಿಗೆ ಅಷ್ಟು ಶ್ರಮವಿಲ್ಲ!

ಫೈರ್‌ಫಾಕ್ಸ್‌ನ ಕ್ರಮ ಬೇರೆ. ಗುಪ್ತಪದಗಳು 'ಲಾಗಿನ್ಸ್' ಎಂಬ ಕಡತದಲ್ಲಿ, ಅವುಗಳ ಕೀಲಿ 'ಕೀ೪' ಎಂಬ ಕಡತದಲ್ಲಿ; ಎರಡೂ ಇರುವುದು ಒಂದೇ ಕೋಶದಲ್ಲಿ. ನಾವೇ ಮುಖ್ಯ ಗುಪ್ತಪದವೊಂದನ್ನು ಗೊತ್ತುಪಡಿಸದಿದ್ದರೆ, ಕೋಶವನ್ನು ನಕಲು ಮಾಡಿಕೊಂಡವನು ಎಲ್ಲವನ್ನೂ ಓದಬಲ್ಲನು. ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆಯೇ ಇಟ್ಟು ಹೋದಂತಾಯಿತು.

ಕೀಪಾಸಿನಲ್ಲಿ ಭಯವಿರುವುದು ಇನ್ನೊಂದು ದಿಕ್ಕಿನಿಂದ: ಮುಖ್ಯ ಗುಪ್ತಪದವನ್ನು ಮರೆತ ಒಡೆಯನಿಗೆ ಅದನ್ನು ರಚಿಸಿದವರೂ ಪೆಟ್ಟಿಗೆಯನ್ನು ತೆರೆದುಕೊಡಲಾರರು.